ಪಾರಂಪರಿಕ ಕಟ್ಟಡ: ಲೆಕ್ಕಕ್ಕಿಂತ ಮೊದಲು ಅಳತೆ ಬೇಕು

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಉರುಳಿತು. ಅಲ್ಲಿಂದಾಚೆ ನಡೆದದ್ದು ಪರಿಣತರ ವಾಗ್ವಾದ. ದುರಸ್ತಿ ಸಾಧ್ಯವೆಂದು ಒಂದು ಪಕ್ಷ, ಕೆಡವಿ ಹಳೆಯ ಶೈಲಿಯಲ್ಲೇ ಮರಳಿ ಕಟ್ಟಬೇಕೆಂದು ಇನ್ನೊಂದು ಪಕ್ಷ. ವಿವಾದ ಹೈಕೋರ್ಟ್ ಮೆಟ್ಟಿಲನ್ನೂ ಏರಿತು. ಗೋಡೆ ಒಂದೇ, ತೀರ್ಮಾನ ಮಾತ್ರ ತದ್ವಿರುದ್ಧ!

ಇಂತಹ ತಗಾದೆಯನ್ನು ಕಂಪ್ಯೂಟರ್ ಬಗೆಹರಿಸಬಲ್ಲದು ಎಂಬ ನಂಬಿಕೆ ಈಗ ಸಾರ್ವತ್ರಿಕವಾಗಿದೆ. ಕಟ್ಟಡವನ್ನು ಪರದೆಯ ಮೇಲೆ ಸಾವಿರಾರು ಸಣ್ಣ ತುಂಡುಗಳಾಗಿ ವಿಭಜಿಸಿ, ಪ್ರತಿ ತುಂಡಿನ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕುವ ‘ಫೈನೈಟ್ ಎಲಿಮೆಂಟ್’ ವಿಧಾನ ಎಂಜಿನಿಯರುಗಳಿಗೆ ಚಿರಪರಿಚಿತ. ಉಕ್ಕಿನ ಸೇತುವೆಗೆ ಅದು ಸೊಗಸಾಗಿ ಹೊಂದುತ್ತದೆ. ಇಟ್ಟಿಗೆ-ಗಾರೆಯ ಗೋಡೆಯ ಸ್ವಭಾವವೇ ಬೇರೆ. ಅದು ಮೇಲಿನಿಂದ ಬೀಳುವ ಒತ್ತಡವನ್ನು ಧಾರಾಳವಾಗಿ ತಾಳಿಕೊಳ್ಳುತ್ತದೆ. ಎಳೆತವನ್ನು ಮಾತ್ರ ತಾಳಲಾರದು. ಆದ್ದರಿಂದ ಹಳೆಯ ಕಟ್ಟಡದಲ್ಲಿ ಬಿರುಕು ಸಹಜ. ಬಿರುಕು ಬಿಟ್ಟ ಕಮಾನು ಭಾರವನ್ನು ಬೇರೆ ದಾರಿಯಲ್ಲಿ ಇಳಿಸಿ ಶತಮಾನಗಳ ಕಾಲ ನಿಲ್ಲಬಹುದು. ಕೇಂಬ್ರಿಜ್‌ನ ಜಾಕ್ವೆಸ್ ಹೇಮನ್ 1966ರಲ್ಲಿಯೇ ಈ ತತ್ವವನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದ್ದರು.

ಇದನ್ನು ಮರೆತು ಗೋಡೆಯನ್ನು ಏಕರೂಪದ ವಸ್ತುವೆಂದು ಭಾವಿಸಿದರೆ ಪರದೆಯ ತುಂಬ ಅಪಾಯದ ಕೆಂಪು ಬಣ್ಣ ಕಾಣಿಸುತ್ತದೆ; ಉಳಿಯಬಹುದಾದ ಕಟ್ಟಡಕ್ಕೆ ಮರಣಶಾಸನ ಬರೆದಂತಾಗುತ್ತದೆ. ಇದರ ವಿಪರೀತವೂ ಉಂಟು. ದಪ್ಪ ಗೋಡೆಯ ಒಳಪದರ, ಹೊರಪದರಗಳು ಬೇರ್ಪಟ್ಟಿರುವುದು ಹೊರಗಿನಿಂದ ಕಾಣದು. ನಕ್ಷೆಯಲ್ಲಿ ಅದು ಗಟ್ಟಿ ಗೋಡೆಯೇ. ಮದ್ರಾಸ್ ತಾರಸಿಯ ಮರದ ತೊಲೆಗಳು ಗೋಡೆಯೊಳಗೆ ಹುದುಗಿದ ತುದಿಯಲ್ಲಿ ಮಳೆನೀರು ಕುಡಿದು ಕೊಳೆತಿದ್ದರೂ, ಎಂಜಿನಿಯರ್ ಅವನ್ನು ಸುಸ್ಥಿತಿಯ ತೊಲೆಗಳೆಂದು ನಮೂದಿಸಿದರೆ ಕಂಪ್ಯೂಟರ್ ಹಾಗೆಯೇ ನಂಬುತ್ತದೆ. ಕಟ್ಟಡ ‘ಸುರಕ್ಷಿತ’ ಎಂಬ ಉತ್ತರ ಬರುತ್ತದೆ. ಕೆಳಗೆ ಅಂಗಡಿಯವರು ಬಾಗಿಲು ತೆರೆಯುತ್ತಾರೆ. ಈ ಎರಡನೆಯ ತಪ್ಪೇ ಹೆಚ್ಚು ಭಯಾನಕ.

ಪ್ರತಿ ಇಟ್ಟಿಗೆಯನ್ನೂ ಬಿಡಿಯಾಗಿ ಪರಿಗಣಿಸುವ ಸೂಕ್ಷ್ಮ ಮಾದರಿಗಳೂ ಇವೆ. ಆದರೆ ಮಾದರಿ ಸೂಕ್ಷ್ಮವಾದಷ್ಟೂ ಅದಕ್ಕೆ ಬೇಕಾದ ಅಂಕಿಗಳು ಹೆಚ್ಚುತ್ತವೆ. ಗಾರೆಯ ಬಲವೆಷ್ಟು? ತೇವ ಎಲ್ಲಿಯವರೆಗೆ ಏರಿದೆ? ತಳಪಾಯ ಎಷ್ಟು ಆಳ? ಇವು ಪುಸ್ತಕದಲ್ಲಿ ಸಿಗುವ ಅಂಕಿಗಳಲ್ಲ, ಗೋಡೆಯನ್ನೇ ಕೇಳಬೇಕು. ಗಾರೆಯ ಸಂದಿನಲ್ಲಿ ಸೀಳು ಕೊರೆದು, ತೆಳುವಾದ ಉಕ್ಕಿನ ಚೀಲ ತೂರಿಸಿ, ಎಣ್ಣೆಯ ಒತ್ತಡದಿಂದ ಗೋಡೆ ಹೊತ್ತ ಭಾರವನ್ನು ಅಳೆಯುವ ‘ಫ್ಲಾಟ್ ಜಾಕ್’ ಪರೀಕ್ಷೆ ದಶಕಗಳಿಂದ ಬಳಕೆಯಲ್ಲಿದೆ. ಕಟ್ಟಡದ ಸಹಜ ಕಂಪನವನ್ನು ಅಳೆದು ಮಾದರಿಯ ಕಂಪನದೊಡನೆ ಹೋಲಿಸಬಹುದು. ಎರಡೂ ತಾಳೆಯಾಗದಿದ್ದರೆ ಮಾದರಿಯನ್ನು ತಿದ್ದಬೇಕೇ ಹೊರತು ಕಟ್ಟಡವನ್ನಲ್ಲ.

ಆದುದರಿಂದ ‘ತಾಂತ್ರಿಕ ವರದಿ ಹೀಗೆನ್ನುತ್ತದೆ’ ಎಂಬ ಒಂದು ಸಾಲು ಸಾಲದು. ಯಾವ ಅಂಕಿಯನ್ನು ಅಳೆಯಲಾಯಿತು, ಯಾವುದನ್ನು ಊಹಿಸಲಾಯಿತು ಎಂಬ ಪಟ್ಟಿ ವರದಿಯೊಂದಿಗೇ ಪ್ರಕಟವಾಗಬೇಕು. ಆಗ ಪರಿಣತರ ಭಿನ್ನಮತ ಎಲ್ಲಿಂದ ಹುಟ್ಟಿತೆಂಬುದು ನ್ಯಾಯಾಲಯಕ್ಕೂ ಬಾಡಿಗೆದಾರನಿಗೂ ತಿಳಿದೀತು. 2022ರ ಅಕ್ಟೋಬರ್‌ನಲ್ಲಿ ಅದೇ ಊರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಭಾಗವೂ ಕುಸಿದಿದೆ. ಗಾರೆಯ ಗೋಡೆಗಳ ನಡುವೆ ಪಾಠ, ವ್ಯಾಪಾರ, ಕಚೇರಿ ನಡೆಯುವ ಕಟ್ಟಡಗಳು ಅಲ್ಲಿ ಇನ್ನೂ ಅನೇಕ ಇವೆ. ಅವುಗಳ ಅಳತೆ ಮುಂದಿನ ಮಳೆಗಾಲಕ್ಕೆ ಮುನ್ನವೇ ಆರಂಭವಾಗಬೇಕು.