ನಮಗೇನಿಲ್ಲ, ಜನ ಒಪ್ಪಬೇಕಲ್ಲ!

ಚುನಾವಣೆಯ ಮಾತು ಬಂದಾಗಲೆಲ್ಲ ಮಂಡ್ಯ ಸೀಮೆಯಲ್ಲಿ ಒಂದು ವಾಕ್ಯ ತಪ್ಪದೆ ಕೇಳಿಸುತ್ತದೆ. ಬೆಸಗರಹಳ್ಳಿಯ ಟೀ ಅಂಗಡಿಯ ಮುಂದೆ ನಿಂತರೂ ಅದೇ, ಮದ್ದೂರಿನಲ್ಲಿ ಯಾವುದೇ ಪಕ್ಷದ ಕಚೇರಿಗೆ ಹೋದರೂ ಅದೇ. "ನಮ್ಗೇನಿಲ್ಲ ಸಾಬ್ರೇ, ನಿಮ್ಮೋರು ನಿಂತ್ರೂ ನಾವು ಹಾಕ್ತೀವಿ. ಆದ್ರೆ ಜನ ಒಪ್ಪಬೇಕಲ್ಲ!" ಹೇಳುವವರ ದನಿಯಲ್ಲಿ ಕೇಡಿರುವುದಿಲ್ಲ. ಒಂದು ಬಗೆಯ ಕನಿಕರವೇ ಇರುತ್ತದೆ. ಆ 'ಜನ' ಯಾರು, ಎಲ್ಲಿದ್ದಾರೆ ಎಂದು ಕೇಳಿದರೆ ಮಾತ್ರ ಬೆರಳು ಪಕ್ಕದ ಊರಿನ ಕಡೆ ತಿರುಗುತ್ತದೆ. ಪಕ್ಕದ ಊರಿಗೆ ಹೋಗಿ ವಿಚಾರಿಸಿದರೆ ಅವರ ಬೆರಳು ಬೆಸಗರಹಳ್ಳಿಯ ಕಡೆ!

ನಮ್ಮ ತಕರಾರು ಈ ವಾಕ್ಯದ ಮೇಲೆಯೇ. ನೇರವಾಗಿ "ನಾನು ಮುಸ್ಲಿಮನಿಗೆ ಓಟು ಹಾಕುವುದಿಲ್ಲ" ಎಂದವನ ಜೊತೆ ವಾದ ಮಾಡಬಹುದು. ಆತ ಕಡೇಪಕ್ಷ ತನ್ನ ಮಾತಿಗೆ ತಾನು ಹೊಣೆಯಾಗುತ್ತಾನೆ. ಆದರೆ ತನ್ನ ಪೂರ್ವಗ್ರಹವನ್ನು ಊರವರ ಹೆಸರಿಗೆ ಬರೆದು ಅದಕ್ಕೆ 'ತಂತ್ರಗಾರಿಕೆ' ಎಂಬ ಗೌರವದ ಹೆಸರು ಕೊಟ್ಟವನ ಜೊತೆ ಏನೆಂದು ವಾದ ಮಾಡುವುದು? ಪಕ್ಷಗಳ ಭಾಷೆಯಲ್ಲಿ ಇದಕ್ಕೆ 'ಗೆಲ್ಲುವ ಕುದುರೆ' ಎನ್ನುತ್ತಾರೆ. ಓಟಕ್ಕೇ ಬಿಡದ ಕುದುರೆ ಗೆಲ್ಲುವುದಿಲ್ಲವೆಂದು ಇವರಿಗೆ ಹೇಗೆ ತಿಳಿಯಿತೋ!

ಈ ವಾಕ್ಯ ಹುಟ್ಟಿದ್ದು ಮಂಡ್ಯದಲ್ಲೇನಲ್ಲ. 1960ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ಅಲ್ಲಿನ ಡೆಮಾಕ್ರಟಿಕ್ ಪಕ್ಷದ ಹಿರಿತಲೆಗಳೆಲ್ಲ ಇದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಆಡುತ್ತಿದ್ದವು. ಜಾನ್ ಎಫ್. ಕೆನಡಿ ಕ್ಯಾಥೊಲಿಕ್ ಪಂಥದವರು. ದೇಶದಲ್ಲಿ ಬಹುಸಂಖ್ಯಾತರು ಪ್ರಾಟೆಸ್ಟೆಂಟರು. 1928ರಲ್ಲಿ ಅಲ್ ಸ್ಮಿತ್ ಎಂಬ ಕ್ಯಾಥೊಲಿಕ್ ನಾಯಕರನ್ನು ಆ ಪಕ್ಷ ಅಧ್ಯಕ್ಷ ಚುನಾವಣೆಗೆ ನಿಲ್ಲಿಸಿ ಭಾರಿ ಸೋಲುಂಡಿತ್ತು. ಕ್ಯಾಥೊಲಿಕನೊಬ್ಬ ಅಧ್ಯಕ್ಷನಾದರೆ ರೋಮಿನ ಪೋಪ್ ಹೇಳಿದಂತೆ ಅಮೆರಿಕ ಕುಣಿಯಬೇಕಾಗುತ್ತದೆ ಎಂಬ ಪ್ರಚಾರ ಆಗ ಜೋರಾಗಿತ್ತು. ನಿಷ್ಠೆ ಇಲ್ಲಿಗೋ, ಹೊರಗಿನ ಪುಣ್ಯಭೂಮಿಗೋ ಎಂಬ ಪ್ರಶ್ನೆಯನ್ನು ಕೇಳಿ ಕೇಳಿ ಸಾಕಾಗಿರುವ ನಮ್ಮ ಓದುಗರಿಗೆ ಇದರಲ್ಲಿ ಹೊಸದೇನೂ ಕಾಣದು.

ಹೊಸದೇನೆಂದರೆ, ಆ ಚುನಾವಣೆಯಲ್ಲಿ ಮದ್ದೂರು ತಾಲೂಕಿನ ತರುಣನೊಬ್ಬ ಕೆನಡಿ ಪರವಾಗಿ ಪ್ರಚಾರ ಮಾಡಿದ್ದ! ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಆಗ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಅಮೆರಿಕದಲ್ಲಿ ಕಾನೂನು ಓದುತ್ತಿದ್ದರು. ಭಾರತೀಯ ಮೂಲದವರಿದ್ದ ಕಡೆಗಳಲ್ಲಿ ಕೆನಡಿಗಾಗಿ ಕೆಲಸ ಮಾಡಿದರು, ಗೆದ್ದ ಮೇಲೆ ಕೆನಡಿ ಅವರಿಗೆ ಕೃತಜ್ಞತೆಯ ಪತ್ರ ಬರೆದರು. ಬೆಸಗರಹಳ್ಳಿಯೂ ಸೋಮನಹಳ್ಳಿಯೂ ಒಂದೇ ತಾಲೂಕು. ಹಾಗಾಗಿ ಕೆನಡಿಯ ಕತೆ ಮಂಡ್ಯದವರಿಗೆ ಪರದೇಶದ ಕತೆಯಲ್ಲ. ಅದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಅಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದಕ್ಕೂ ಮತದಾನ ನಡೆಯುತ್ತದೆ. ಅದನ್ನು ಪ್ರೈಮರಿ ಎನ್ನುತ್ತಾರೆ. 1960ರಲ್ಲಿ ಎಲ್ಲ ರಾಜ್ಯಗಳಲ್ಲೂ ಇದು ಇರಲಿಲ್ಲ, ಬಹುತೇಕ ತೀರ್ಮಾನ ಪಕ್ಷದ ಯಜಮಾನರ ಕೈಯಲ್ಲೇ ಇತ್ತು. ಆ ಯಜಮಾನರೋ ಕೆನಡಿಗೆ ಒಲಿಯಲು ಸಿದ್ಧರಿರಲಿಲ್ಲ. ಪೆನ್ಸಿಲ್ವೇನಿಯಾದ ಗವರ್ನರ್ ಡೇವಿಡ್ ಲಾರೆನ್ಸ್ ಸ್ವತಃ ಕ್ಯಾಥೊಲಿಕ್. ಕ್ಯಾಥೊಲಿಕನನ್ನು ನಿಲ್ಲಿಸಿದರೆ ಪಕ್ಷ ಸೋಲುತ್ತದೆ ಎಂದು ಹಿಂಜರಿದವರಲ್ಲಿ ಅವರೂ ಒಬ್ಬರು! ಏಪ್ರಿಲ್ 5ರಂದು ವಿಸ್ಕಾನ್ಸಿನ್ ರಾಜ್ಯದಲ್ಲಿ ಕೆನಡಿ ಗೆದ್ದರೂ ಅದು ಕ್ಯಾಥೊಲಿಕರು ಹಾಕಿದ ಓಟು ಎಂದು ಬದಿಗಿಟ್ಟರು. ನಮ್ಮಲ್ಲೂ ಹೀಗೇ ಅಲ್ಲವೇ? ಸೋತರೆ ಅಭ್ಯರ್ಥಿಯ ಧರ್ಮ ಕಾರಣ, ಗೆದ್ದರೆ ಮತದಾರರ ಧರ್ಮ ಕಾರಣ.

ಮುಂದಿನ ಸುತ್ತು ಮೇ 10ಕ್ಕೆ ವೆಸ್ಟ್ ವರ್ಜೀನಿಯಾದಲ್ಲಿ. ಕಲ್ಲಿದ್ದಲು ಗಣಿಗಳ ಬಡ ರಾಜ್ಯ. ಕ್ಯಾಥೊಲಿಕರು ನೂರಕ್ಕೆ ಐದರ ಆಸುಪಾಸು. ಮಂಡ್ಯ ಜಿಲ್ಲೆಯಲ್ಲಿ ಮುಸ್ಲಿಮರು 2011ರ ಜನಗಣತಿಯ ಪ್ರಕಾರ ನೂರಕ್ಕೆ ನಾಲ್ಕರ ಆಸುಪಾಸು ಎಂಬುದನ್ನು ಇಲ್ಲಿ ನೆನಪಿಡಬೇಕು. ಕೆನಡಿ ಕಡೆಯವರು 1959ರ ಡಿಸೆಂಬರಿನಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ಅವರಿಗೆ ನೂರಕ್ಕೆ 70, ಎದುರಾಳಿ ಹ್ಯೂಬರ್ಟ್ ಹಂಫ್ರಿಗೆ 30. ಮತದಾನಕ್ಕೆ ಕೆಲವು ವಾರಗಳಿರುವಾಗ ಲೆಕ್ಕ ತಿರುಗಿತು: ಹಂಫ್ರಿಗೆ 60, ಕೆನಡಿಗೆ 40. ಏನಾಯಿತು? ಡಿಸೆಂಬರಿನಲ್ಲಿ ಅಲ್ಲಿನವರಿಗೆ ಆತ ಕ್ಯಾಥೊಲಿಕ್ ಎಂದು ತಿಳಿದಿರಲಿಲ್ಲ, ಈಗ ತಿಳಿದಿತ್ತು, ಅಷ್ಟೆ.

ನಮ್ಮ ಪಕ್ಷಗಳಾಗಿದ್ದರೆ ಅಲ್ಲಿಗೆ ಬಿ ಫಾರಂ ವಾಪಸು ಪಡೆದು ಆತನನ್ನು ಯಾವುದೋ ನಿಗಮಕ್ಕೆ ಅಧ್ಯಕ್ಷನನ್ನಾಗಿ ಮಾಡಿ ಕೂರಿಸುತ್ತಿದ್ದವು. ಕೆನಡಿ ಜನರ ಮುಂದೆ ಹೋಗಿ ವಿಷಯವನ್ನೇ ಎತ್ತಿದರು. ನೌಕಾಪಡೆಗೆ ಸೇರುವಾಗ ನನ್ನ ಧರ್ಮ ಯಾವುದೆಂದು ಯಾರೂ ಕೇಳಲಿಲ್ಲ, ನನ್ನ ಅಣ್ಣ ಕೊನೆಯ ಬಾರಿ ಯುದ್ಧವಿಮಾನ ಏರಿದಾಗಲೂ ಕೇಳಲಿಲ್ಲ ಎಂದರು. ಫಲಿತಾಂಶ ಬಂದಾಗ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮತ ಕೆನಡಿಗೆ. ಹಂಫ್ರಿ ಕಣದಿಂದಲೇ ಹಿಂದೆ ಸರಿದರು. ಅವರಪ್ಪನ ಹಣ ಆ ರಾಜ್ಯದಲ್ಲಿ ಧಾರಾಳವಾಗಿ ಹರಿಯಿತೆಂಬ ಆರೋಪವೂ ಇತ್ತೆನ್ನಿ. ಮಂಡ್ಯದ ಚುನಾವಣೆ ಕಂಡವರು ಅದಕ್ಕೆ ಹುಬ್ಬೇರಿಸಲಾರರು. ಕ್ಯಾಥೊಲಿಕ್ ಓಟುಗಳ ಲೆಕ್ಕವನ್ನು ಕೆನಡಿ ಪಾಳೆಯವೂ ವರ್ಷಗಳ ಮೊದಲೇ ಹಾಕಿಟ್ಟಿತ್ತು. ಲೆಕ್ಕ ಹಾಕುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಲೆಕ್ಕ ಹಾಕಿಯಾದ ಮೇಲೂ ಜನರ ಬಳಿಗೆ ಹೋಗಿ ಅವರನ್ನು ಕೇಳಿದರಲ್ಲ, ಅದು ಮುಖ್ಯ. 'ಜನ ಒಪ್ಪುವುದಿಲ್ಲ' ಎಂದು ಯಜಮಾನರು ಯಾರ ಹೆಸರಿನಲ್ಲಿ ಹೇಳುತ್ತಿದ್ದರೋ ಆ ಜನರೇ ಒಪ್ಪಿದರು.

ನಮ್ಮಲ್ಲಿ ಕೇಳುವ ಆ ಘಟ್ಟವೇ ಇಲ್ಲ. ಟಿಕೆಟ್ ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಒಂದು ಮನೆಯ ಊಟದ ಮೇಜಿನ ಮೇಲೆ ತೀರ್ಮಾನವಾಗುತ್ತದೆ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಪ್ರೈಮರಿಯ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು, ಚುನಾಯಿತ ಸದಸ್ಯರು ಇಂಥವರೇ. ಸಾಮಾನ್ಯ ಮತದಾರನಿಗೆ ಅಲ್ಲಿ ಜಾಗವಿರಲಿಲ್ಲ. ಆಯ್ಕೆಯಾದ ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಇಬ್ಬರೂ ಚುನಾವಣೆಯಲ್ಲಿ ಸೋತರು. ಪ್ರಯೋಗವೂ ಅಲ್ಲಿಗೆ ಮಲಗಿತು. ಹೈಕಮಾಂಡ್ ಆರಿಸಿದವರು ಸೋತಾಗ ಹೈಕಮಾಂಡನ್ನು ಯಾರೂ ಮಲಗಿಸಲಿಲ್ಲ ಎಂಬುದು ಬೇರೆ ಮಾತು.

ಕೇಳಿದರೆ ಮಂಡ್ಯದ ಜನ ಏನನ್ನುತ್ತಾರೆ? ಯಜಮಾನರ ಲೆಕ್ಕವನ್ನು ಈ ಜಿಲ್ಲೆಯಷ್ಟು ಸಲ ತಲೆಕೆಳಗು ಮಾಡಿದ ಜಿಲ್ಲೆ ಅಪರೂಪ. 1962ರಲ್ಲಿ ಮದ್ದೂರಿನಿಂದ ಕಾಂಗ್ರೆಸ್ಸಿನ ಕೆ.ವಿ. ಶಂಕರಗೌಡರ ಪರ ನೆಹರೂ ಅವರೇ ಪ್ರಚಾರ ಮಾಡಿದರು. ಗೆದ್ದದ್ದು ಅಮೆರಿಕದಿಂದ ಮರಳಿದ್ದ ಪಕ್ಷೇತರ ಎಸ್.ಎಂ. ಕೃಷ್ಣ. 2019ರಲ್ಲಿ ಕಾಂಗ್ರೆಸ್ಸೂ ಜೆಡಿಎಸ್ಸೂ ಕೈಜೋಡಿಸಿ ನಿಖಿಲ್ ಕುಮಾರಸ್ವಾಮಿಯವರನ್ನು ನಿಲ್ಲಿಸಿದವು. ಎದುರಿಗೆ ನಿಂತ ಸುಮಲತಾ ಗೌಡರಲ್ಲ, ನಾಯ್ಡು ಎಂದು ಜಾತಿ ಎತ್ತಿ ಆಡಿದವರಿದ್ದರು. ಜನ 1,25,000ಕ್ಕೂ ಹೆಚ್ಚು ಮತಗಳ ಅಂತರದಿಂದ ಆ ಪಕ್ಷೇತರ ಮಹಿಳೆಯನ್ನು ಗೆಲ್ಲಿಸಿದರು.

2023 ಇನ್ನೂ ಸ್ಪಷ್ಟ. ಆ ಮಾರ್ಚಿನಲ್ಲಿ ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಒಕ್ಕಲಿಗ ವೀರರು ಎಂಬ ಕತೆ ಹೊರಟು, ಪ್ರಧಾನಿ ಬರುವ ದಾರಿಯಲ್ಲಿ ಮಂಡ್ಯದಲ್ಲಿ ಅವರ ಹೆಸರಿನ ಕಮಾನೂ ಎದ್ದಿತು. ಅದೇ ತಿಂಗಳು ಮುಸ್ಲಿಮರ 2ಬಿ ವರ್ಗದ ಶೇಕಡಾ 4 ಮೀಸಲಾತಿಯನ್ನು ಕಿತ್ತು ಒಕ್ಕಲಿಗರಿಗೆ ಎರಡು, ಲಿಂಗಾಯತರಿಗೆ ಎರಡು ಎಂದು ಹಂಚಲು ಸರಕಾರ ಹೊರಟಿತು. ಒಬ್ಬರ ತಟ್ಟೆಯ ಮುದ್ದೆಯನ್ನು ಪಕ್ಕದವರ ತಟ್ಟೆಗೆ ಹಾಕಿ, ಉಣ್ಣು ಎನ್ನುವುದು ತಂತ್ರಗಾರಿಕೆಯ ಶಿಖರ! ಉರಿಗೌಡರ ಕತೆಗೆ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರೇ ಕಡಿವಾಣ ಹಾಕಿದರು. ಮೇ ತಿಂಗಳಲ್ಲಿ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಬಿಜೆಪಿಗೆ ಒಂದೂ ದಕ್ಕಲಿಲ್ಲ.

ಮಂಡ್ಯದವರೆಲ್ಲ ಧರ್ಮ ಮರೆತು ಓಟು ಹಾಕುವ ಸಂತರು ಎಂದು ನಾವು ಹೊಗಳುತ್ತಿಲ್ಲ. 2024ರ ಜನವರಿಯಲ್ಲಿ ಕೆರಗೋಡಿನ ಧ್ವಜದ ಗಲಾಟೆ, ಸೆಪ್ಟೆಂಬರಿನಲ್ಲಿ ನಾಗಮಂಗಲದ ಬೆಂಕಿ, 2025ರ ಸೆಪ್ಟೆಂಬರಿನಲ್ಲಿ ಮದ್ದೂರಿನಲ್ಲೇ ಗಣೇಶನ ಮೆರವಣಿಗೆಯ ಮೇಲೆ ಕಲ್ಲು, ಆಮೇಲೆ ಲಾಠಿ, ಬಂದ್. ಕಲ್ಲೆಸೆದವನು ಯಾರೇ ಆಗಲಿ ಅವನಿಗೆ ಶಿಕ್ಷೆಯಾಗಲಿ, ಅದರಲ್ಲಿ ನಮ್ಮದು ಎರಡು ಮಾತಿಲ್ಲ. ಆದರೆ ಅಂಥ ಪ್ರತಿ ಘಟನೆಯ ನಂತರ ಪಕ್ಷಗಳು ಇನ್ನಷ್ಟು ಧೈರ್ಯದಿಂದ "ನೋಡಿ, ವಾತಾವರಣ ಸರಿಯಿಲ್ಲ" ಎನ್ನುತ್ತವೆ. ವಾತಾವರಣ ಕೆಡಿಸಲು ಬಂದವರಿಗೆ ಟಿಕೆಟ್ ಸಿಗುತ್ತದೆ. ಕೆಟ್ಟ ವಾತಾವರಣದ ಹೆಸರಿನಲ್ಲಿ ಟಿಕೆಟ್ ತಪ್ಪುವುದು ಮಾತ್ರ ನಮಗೆ.

ಪಕ್ಕದ ರಾಮನಗರವನ್ನು ನೋಡಿ. ಒಕ್ಕಲಿಗರ ಕೋಟೆ, ಕುಮಾರಸ್ವಾಮಿಯವರ ಕರ್ಮಭೂಮಿ. 2018ರಲ್ಲಿ ಅಲ್ಲಿ ಕುಮಾರಸ್ವಾಮಿಯವರ ಎದುರು ಸೋತಿದ್ದ ಕಾಂಗ್ರೆಸ್ಸಿನ ಇಕ್ಬಾಲ್ ಹುಸೇನ್ ಅವರಿಗೇ 2023ರಲ್ಲಿ ಮತ್ತೆ ಟಿಕೆಟ್ ಸಿಕ್ಕಿತು. ಎದುರಿಗೆ ನಿಖಿಲ್. ಇಕ್ಬಾಲ್ ಹತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ರಾಮನಗರದಲ್ಲಿ ಮುಸ್ಲಿಮರು ಗಣನೀಯವಾಗಿದ್ದಾರೆ, ನಿಜ. ಆದರೆ ಅವರಿಗೆ ಬಿದ್ದ ಎಂಬತ್ತು ಸಾವಿರ ದಾಟಿದ ಮತಗಳೆಲ್ಲ ಮಸೀದಿಯಿಂದಲೇ ಹೊರಟು ಬಂದವೆಂದು ಹೇಳಲು ಯಾರಿಗೂ ಬಾಯಿ ಬರಲಾರದು.

ಆ ಒಂದು ಗೆಲುವಿನಿಂದ ಪಕ್ಷಗಳೇನಾದರೂ ಕಲಿತವೇ? 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆಯಲ್ಲಿ ಮುಸ್ಲಿಮರು ನೂರಕ್ಕೆ ಸುಮಾರು 13. 2023ರ ವಿಧಾನಸಭೆಗೆ ಗೆದ್ದವರು 9. ಬಿಜೆಪಿ ಒಬ್ಬರನ್ನೂ ನಿಲ್ಲಿಸಲಿಲ್ಲ. ಜೆಡಿಎಸ್ ಇಪ್ಪತ್ತಕ್ಕೂ ಹೆಚ್ಚು ಜನರನ್ನು ನಿಲ್ಲಿಸಿತು, ಒಬ್ಬರೂ ಗೆಲ್ಲಲಿಲ್ಲ. ಲೋಕಸಭೆಯ ಸ್ಥಿತಿ ಇನ್ನೂ ಘೋರ. ಗುಲ್ಬರ್ಗದಿಂದ 2004ರಲ್ಲಿ ಗೆದ್ದ ಇಕ್ಬಾಲ್ ಅಹ್ಮದ್ ಸರಡಗಿಯವರ ನಂತರ, 2009ರಿಂದ 2024ರವರೆಗಿನ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿ ಕರ್ನಾಟಕದಿಂದ ಒಬ್ಬ ಮುಸ್ಲಿಮನೂ ಆರಿಸಿ ಹೋಗಲಿಲ್ಲ. 2024ರಲ್ಲಿ ಕಾಂಗ್ರೆಸ್ ರಾಜ್ಯದ 28 ಕ್ಷೇತ್ರಗಳಲ್ಲಿ ಕೊಟ್ಟದ್ದು ಒಂದೇ ಒಂದು ಟಿಕೆಟ್, ಬೆಂಗಳೂರು ಕೇಂದ್ರದಲ್ಲಿ ಮನ್ಸೂರ್ ಅಲಿ ಖಾನ್ ಅವರಿಗೆ. ಆರು ಲಕ್ಷಕ್ಕೂ ಹೆಚ್ಚು ಮತ ಪಡೆದು ಸುಮಾರು 32 ಸಾವಿರದಿಂದ ಸೋತರು. ಸೋತ ಉಳಿದ ಕಾಂಗ್ರೆಸ್ಸಿಗರ ಧರ್ಮದ ಬಗ್ಗೆ ಯಾರೂ ಚರ್ಚಿಸಲಿಲ್ಲ.

ಈಗ ನಮ್ಮವರ ಕಡೆ ತಿರುಗೋಣ. ಜನ ಒಪ್ಪುವುದಿಲ್ಲ ಎಂಬ ಮಾತನ್ನು ಅತಿ ಹೆಚ್ಚು ನಂಬಿದವರು ನಾವೇ. ಡೇವಿಡ್ ಲಾರೆನ್ಸ್‌ಗಳು ನಮ್ಮ ಮೊಹಲ್ಲಾಗಳಲ್ಲಿ ಬೇಕಾದಷ್ಟಿದ್ದಾರೆ. "ನಮ್ಮವರಿಗೆ ಕೊಟ್ಟರೆ ಓಟು ಒಡೆಯುತ್ತದೆ, ಆ ಕಡೆಯವರು ಒಂದಾಗುತ್ತಾರೆ, ಸುಮ್ಮನಿರುವುದೇ ಜಾಣತನ" ಎಂದು ಟಿಕೆಟ್ ಕೇಳಲು ಹೊರಟ ಹುಡುಗನನ್ನು ಕೂರಿಸುವುದು ಮೊದಲು ಅವರೇ. ಮತದಾನದ ಹಿಂದಿನ ರಾತ್ರಿ 'ಯಾರು ಗೆಲ್ಲುತ್ತಾರೋ ಅವರಿಗೆ' ಎಂಬ ಸೂಚನೆ ಬರುತ್ತದೆ. ಯಾರು ಏನು ಮಾಡಿಕೊಟ್ಟಾರು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ವರ್ಷ ಮೊದಲೇ ಎಲ್ಲರಿಗೂ ಗೊತ್ತಿರುವ ತಂತ್ರಕ್ಕೆ ಸಂತೆಯಲ್ಲಿ ಬೆಲೆ ಎಷ್ಟು?

ಹಳೆ ಮೈಸೂರು ಭಾಗದ ಮುಸ್ಲಿಮರಲ್ಲಿ 1995ರ ಮೀಸಲಾತಿಯ ಕಾರಣಕ್ಕೆ ದೇವೇಗೌಡರ ಬಗ್ಗೆ ಬಹುಕಾಲ ಋಣಭಾವವಿತ್ತು. 2023ರ ಸೆಪ್ಟೆಂಬರಿನಲ್ಲಿ ಜೆಡಿಎಸ್ ಬಿಜೆಪಿಯ ಕೂಟ ಸೇರಿದಾಗ ಅವರನ್ನು ಯಾರಾದರೂ ಕೇಳಿದರೇ? ಪಕ್ಷದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಅವರನ್ನೇ ಕೇಳಲಿಲ್ಲ. ವಿರೋಧಿಸಿದ್ದಕ್ಕೆ ಅಕ್ಟೋಬರಿನಲ್ಲಿ ಅವರನ್ನೇ ತೆಗೆದರು. ಮುಂದೆ 2024ರ ನವೆಂಬರಿನಲ್ಲಿ ಚನ್ನಪಟ್ಟಣದ ಉಪಚುನಾವಣೆಯಲ್ಲಿ ನಿಖಿಲ್ ಸೋತಾಗ, ಒಂದು ಸಮುದಾಯ ಒಟ್ಟಾಗಿ ಮತ ಹಾಕಿದ್ದರಿಂದ ಹೀಗಾಯಿತು ಎಂಬ ದೂರು ಸೋತವರ ಪಾಳೆಯದಿಂದ ಬಂತು. ಅದೇ ವರ್ಷ ಮಂಡ್ಯದಲ್ಲಿ ಕುಮಾರಸ್ವಾಮಿಯವರು ಎರಡೂ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದಾಗ ಯಾವ ಸಮುದಾಯ ಒಟ್ಟಾಗಿತ್ತು ಎಂದು ಯಾರೂ ಲೆಕ್ಕ ಕೇಳಲಿಲ್ಲ. ಅವರು ಒಟ್ಟಾದರೆ ಸ್ವಾಭಿಮಾನ, ನಾವು ಒಟ್ಟಾದರೆ ಮತಬ್ಯಾಂಕ್.

ನಮ್ಮನ್ನು ಬಚ್ಚಿಡುವುದೂ ಒಂದು ತಂತ್ರವೇ. 2008ರಲ್ಲಿ ಬರಾಕ್ ಒಬಾಮ ಮುಸ್ಲಿಮರೆಂಬ ಗಾಳಿಸುದ್ದಿ ಹರಡಿದಾಗ, ಅವರ ಡೆಟ್ರಾಯಿಟ್ ಸಭೆಯಲ್ಲಿ ತಲೆವಸ್ತ್ರ ತೊಟ್ಟ ಇಬ್ಬರು ಯುವತಿಯರನ್ನು ಕ್ಯಾಮೆರಾಕ್ಕೆ ಕಾಣುವ ಜಾಗದಲ್ಲಿ ಕೂರಲು ಕಾರ್ಯಕರ್ತರು ಬಿಡಲಿಲ್ಲ. ಒಬಾಮ ಅವರಲ್ಲಿ ಕ್ಷಮೆ ಕೇಳಿದರು. ಟೋಪಿಯವರು ಮುಂದಿನ ಸಾಲಿನಲ್ಲಿ ಬೇಡ ಎಂಬ ಪಿಸುಮಾತು ನಮಗೂ ಪರಿಚಿತವೇ. ಕ್ಷಮೆ ಕೇಳಿದವರನ್ನು ಮಾತ್ರ ನಾವು ಕಾಣೆವು. 2025ರ ಜೂನಿನಲ್ಲಿ ನ್ಯೂಯಾರ್ಕಿನ ಮೇಯರ್ ಹುದ್ದೆಯ ಪ್ರೈಮರಿಯಲ್ಲಿ ಜೋಹ್ರಾನ್ ಮಮ್ದಾನಿ ಎಂಬ ಮುಸ್ಲಿಂ ತರುಣ ಪಕ್ಷದ ಹಿರಿಯ ಕುಳ ಆಂಡ್ರ್ಯೂ ಕ್ಯುಮೊ ಅವರನ್ನು ಸೋಲಿಸಿದರು, ನವೆಂಬರಿನಲ್ಲಿ ಮೇಯರ್ ಹುದ್ದೆಗೂ ಗೆದ್ದರು. ಟಿಕೆಟ್ ಹಂಚುವ ಅಧಿಕಾರ ಆ ಪಕ್ಷದ ಯಜಮಾನರ ಕೈಯಲ್ಲೇ ಇದ್ದಿದ್ದರೆ ಆ ಹೆಸರು ಪಟ್ಟಿಯ ಬಾಗಿಲಿಗೂ ಬರುತ್ತಿರಲಿಲ್ಲ.

ಆದ್ದರಿಂದ ಎಲ್ಲ ಪಕ್ಷಗಳಿಗೂ ನಾವು ಕೇಳುವುದು ಇಷ್ಟೇ. ನಮಗೆ ಮೀಸಲು ಟಿಕೆಟ್ ಬೇಡ, ಕನಿಕರವೂ ಬೇಡ. ಮುಂದಿನ ವಿಧಾನಸಭಾ ಚುನಾವಣೆಗೆ ಮೊದಲು ಹೋಬಳಿ ಹೋಬಳಿಯಲ್ಲಿ ನಿಮ್ಮ ಸದಸ್ಯರನ್ನು ಸೇರಿಸಿ, ಆಕಾಂಕ್ಷಿಗಳ ಹೆಸರುಗಳನ್ನೆಲ್ಲ ಅವರ ಮುಂದಿಟ್ಟು, ಗುಟ್ಟಾಗಿ ಓಟು ಹಾಕಿಸಿ. ಹಣ ಹರಿದೀತು ಎನ್ನುತ್ತೀರಾ? ಈಗ ಟಿಕೆಟ್‌ಗೆ ಏನು ಹರಿಯುತ್ತಿದೆ, ಹೇಮಾವತಿಯ ನೀರೇ? ಜಾತಿ ನುಸುಳೀತು ಎನ್ನುತ್ತೀರಾ? ಈಗ ಎಲ್ಲಿ ಅಡಗಿದೆ? ವೈದ್ಯರೂ ಕತೆಗಾರರೂ ಆಗಿದ್ದ ಡಾ. ಬೆಸಗರಹಳ್ಳಿ ರಾಮಣ್ಣ ಈ ನೆಲದ ಬಡವರನ್ನು ಹತ್ತಿರದಿಂದ ಬಲ್ಲವರು. ಅವರ ಕತೆಗಳ ಜನ ಒರಟು ಮಾತಿನವರು, ಆದರೆ ಮನಸ್ಸಿನಲ್ಲಿದ್ದದ್ದನ್ನು ಮುಖಕ್ಕೆ ಹೇಳುವವರು. ಆ ಊರಿನವರು ಮುಸ್ಲಿಂ ಅಭ್ಯರ್ಥಿಯನ್ನು ಬೇಡ ಎಂದರೆ ಎನ್ನಲಿ, ನಾವು ತಕರಾರಿಲ್ಲದೆ ಒಪ್ಪುತ್ತೇವೆ. ಆದರೆ ಅದನ್ನು ಅವರೇ ಹೇಳಬೇಕು. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಕುಳಿತವರು ಹೇಳಕೂಡದು.