ಅಪ್ಪನ ಜೊತೆ ಕೇಳಿದ ಮೂರು ಆಲ್ಬಂ

2023 ಮುಗೀತು. ಎಲ್ಲರೂ ವರ್ಷದ ಹಾಡುಗಳ ಪಟ್ಟಿ ಸ್ಟೇಟಸ್‌ಗೆ ಹಾಕ್ತಿದ್ದಾರೆ, ನಂದೂ ಒಂದಿರಲಿ.

ಮೊದಲನೆಯದು ‘ಸಪ್ತ ಸಾಗರದಾಚೆ ಎಲ್ಲೋ’. ಚರಣ್ ರಾಜ್ ಸಂಗೀತ. ಸೈಡ್ ಎ ಸೆಪ್ಟೆಂಬರ್‌ನಲ್ಲಿ, ಸೈಡ್ ಬಿ ನವೆಂಬರ್‌ನಲ್ಲಿ ತೆರೆಗೆ ಬಂತು. ಆ ಎರಡರ ನಡುವೆ ಅಪ್ಪನಿಗೆ ಕೀಮೋ ಶುರುವಾಯ್ತು. ವಾರ್ಡಿನಲ್ಲಿ ಒಂದು ಇಯರ್‌ಫೋನ್ ಅವರ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ‘ಸೈಡ್ ಎ, ಸೈಡ್ ಬಿ ಅಂದ್ರೆ ನಮ್ಮ ಕಾಲದ ಕ್ಯಾಸೆಟ್ ಅಲ್ವೇನೋ?’ ಅಂತ ನಕ್ಕರು.

ಎರಡನೆಯದು ಬಿಂದುಮಾಲಿನಿ ಸಂಗೀತದ ‘ಆಚಾರ್ & ಕೋ’. 1960ರ ದಶಕದ ಬೆಂಗಳೂರಿನ ಮನೆಯ ಕಥೆ, ಅಪ್ಪ ಹುಟ್ಟಿದ ಕಾಲ. ಇದನ್ನ ಅವರೇ ಕೇಳಿ ಹಾಕಿಸಿಕೊಳ್ತಿದ್ರು.

ಮೂರನೆಯದು ಮಿಥುನ್ ಮುಕುಂದನ್ ಅವರ ‘ಸ್ವಾತಿ ಮುತ್ತಿನ ಮಳೆ ಹನಿಯೇ’. ಕೊನೆಯ ದಿನಗಳಲ್ಲಿರುವ ರೋಗಿಗಳನ್ನು ನೋಡಿಕೊಳ್ಳುವ ಜಾಗದಲ್ಲಿ ನಡೆಯೋ ಕಥೆ. ಅಪ್ಪನಿಗೆ ಕೇಳಿಸೋ ಧೈರ್ಯ ಬರಲಿಲ್ಲ. ಬಸ್ಸಲ್ಲಿ ಒಬ್ಬನೇ ಕೇಳ್ತಿದ್ದೆ. ಒಂದಿನ ಅಪ್ಪನೇ ನನ್ನ ಫೋನ್ ನೋಡಿ, ‘ಇದ್ಯಾಕೋ ನಂಗೆ ಕೇಳಿಸಿಲ್ಲ? ಹಾಕು’ ಅಂದ್ರು. ಹಾಕಿದೆ. ಇಬ್ಬರೂ ಮಾತಾಡಲಿಲ್ಲ.

ಮುಂದಿನ ಕೀಮೋ ಜನವರಿಯಲ್ಲಿ. ಒಳ್ಳೇ ಹಾಡಿದ್ರೆ ಹೇಳಿ, ಇಬ್ಬರಿಗೂ ಬೇಕು.