ವೇಗ ಕುಂದುವುದು ಮನೆಯೊಳಗೆ, ಹಣ ತೆರುವುದು ಹೊರಗೆ

ಪಶ್ಚಿಮ ಬೆಂಗಳೂರಿನ ಸಣ್ಣ ಉದ್ಯಮಿಗಳಲ್ಲಿ ಅನೇಕರಿಗೆ ಮನೆಯೇ ಕಚೇರಿಯೂ ಹೌದು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ 30×40 ಅಡಿ ನಿವೇಶನಗಳಲ್ಲಿ ಕೆಳಗೆ ಗೋದಾಮು ಮತ್ತು ಲೆಕ್ಕಪತ್ರದ ಕೋಣೆ, ಮೇಲೆ ವಾಸ, ಅದರ ಮೇಲೆ ಬಾಡಿಗೆದಾರರು ಎಂಬ ವ್ಯವಸ್ಥೆ ಹೊಸದೇನಲ್ಲ. ಹೊಸದಾಗಿರುವುದು, ಆ ಕೋಣೆಯ ಕೆಲಸವೆಲ್ಲವೂ ಅಂತರ್ಜಾಲವನ್ನೇ ನೆಚ್ಚಿಕೊಂಡಿರುವುದು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ಇತರ ನೋಂದಾಯಿತ ವ್ಯಾಪಾರಿಗಳಿಗೆ ಕೊಡುವ ಬಿಲ್ಲಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಇ-ವೇ ಬಿಲ್ಲು ಸಿದ್ಧವಾಗದೆ ತುಂಬಿದ ಲಾರಿ ಬಾಗಿಲಲ್ಲೇ ನಿಲ್ಲುತ್ತದೆ. ಮಾಸಿಕ ಸಲ್ಲಿಕೆದಾರರು 20ನೆಯ ತಾರೀಖು ಮೀರಿದರೆ ದಿನವೊಂದಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಗೆ ಶೇ. 18ರ ಬಡ್ಡಿ.

ಇಂಥ ಸಂಜೆಯೊಂದರಲ್ಲಿ ಗಣಕದ ಪರದೆಯ ಮೇಲೆ ಚಕ್ರ ಸುತ್ತತೊಡಗಿತೆಂದರೆ ಮನೆಯ ಯಜಮಾನರು ಕೈಗೊಳ್ಳುವ ಮೊದಲ ತೀರ್ಮಾನ, ಇನ್ನೂ ಹೆಚ್ಚಿನ ವೇಗದ ಯೋಜನೆಗೆ ಬದಲಾಗುವುದು. ಬಹುಪಾಲು ಸಂದರ್ಭಗಳಲ್ಲಿ ಇದು ತಪ್ಪು ಖಾತೆಗೆ ಬರೆದ ಖರ್ಚು. ತಿಂಗಳಿಗೆ 300 ರೂಪಾಯಿ ಹೆಚ್ಚಾದರೆ ಶೇ. 18ರ ತೆರಿಗೆ ಸೇರಿ ವರ್ಷಕ್ಕೆ 4,248 ರೂಪಾಯಿ. ಬಿಲ್ಲಿನಲ್ಲಿ ವ್ಯಾಪಾರದ ಜಿಎಸ್‌ಟಿ ಸಂಖ್ಯೆ ನಮೂದಾಗಿರದಿದ್ದರೆ ಆ ತೆರಿಗೆಯ ಜಮೆಯೂ ದೊರೆಯದು. ನಮೂದಾಗಿದ್ದರೂ ಮನೆಬಳಕೆಯ ಪಾಲನ್ನು ಬಿಟ್ಟೇ ಜಮೆ ಪಡೆಯಬೇಕು. ಇಷ್ಟಾದರೂ ಕೆಳಗಿನ ಕೋಣೆಯಲ್ಲಿ ಚಕ್ರ ಸುತ್ತುವುದು ನಿಲ್ಲುವುದಿಲ್ಲ. ರಿಟರ್ನ್ ಸಲ್ಲಿಕೆಗೆ ಬೇಕಾದುದು ವೇಗಕ್ಕಿಂತ ಹೆಚ್ಚಾಗಿ ಕಡಿಯದ ಸಂಪರ್ಕ. 2004ರ ರಾಷ್ಟ್ರೀಯ ನೀತಿ 256 ಕೆಬಿಪಿಎಸ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆದಿತ್ತು. 2023ರಲ್ಲಿ ಆ ಮಿತಿಯನ್ನು 2 ಎಂಬಿಪಿಎಸ್‌ಗೆ ಏರಿಸಲಾಯಿತು. ಇಂದಿನ 100 ಎಂಬಿಪಿಎಸ್ ಸಂಪರ್ಕ ಒಂದು ಲೆಕ್ಕಪತ್ರ ಕೋಣೆಗೆ ಧಾರಾಳವಾಗಿ ಸಾಕು. (ಕೊನೆಯ ದಿನ ಪೋರ್ಟಲ್ ತಾನೇ ಕುಂಟುವುದೂ ಉಂಟು, ಅದಕ್ಕೆ ಮನೆಯ ಉಪಕರಣ ಹೊಣೆಯಲ್ಲ.)

ಆದ್ದರಿಂದ ಮೊದಲು ಆಗಬೇಕಾದುದು ಅಳತೆ. ವೈ-ಫೈ ಬಿಟ್ಟು, ಲ್ಯಾಪ್‌ಟಾಪನ್ನು ಕಂಪನಿಯವರ ಮೋಡೆಮ್‌ಗೆ ತಂತಿಯ ಮೂಲಕವೇ ಜೋಡಿಸಿ ವೇಗ ಪರೀಕ್ಷಿಸಬೇಕು. ಅಲ್ಲಿ ಒಪ್ಪಂದದ ವೇಗ ದೊರೆತರೆ ಕಂಪನಿ ತನ್ನ ಪಾಲಿನ ಸರಕನ್ನು ಬಾಗಿಲಿಗೆ ಮುಟ್ಟಿಸಿದೆ ಎಂದೇ ಅರ್ಥ, ಸೋರಿಕೆ ಮನೆಯೊಳಗಿನದು. 300ರ ಯೋಜನೆಯಿದ್ದೂ ಅಳತೆ ಪ್ರತಿ ಬಾರಿ 94ರ ಆಸುಪಾಸಿನಲ್ಲೇ ನಿಲ್ಲುತ್ತಿದ್ದರೆ ಅದೊಂದು ಸ್ಪಷ್ಟ ಸುಳಿವು: ನಡುವೆ ಎಲ್ಲೋ 100 ಎಂಬಿಪಿಎಸ್‌ಗೆ ಸೀಮಿತವಾದ ಪೋರ್ಟ್ ಇದೆ, ಇಲ್ಲವೇ ಕೇಬಲ್ಲಿನ ಎಂಟು ಎಳೆಗಳಲ್ಲಿ ನಾಲ್ಕು ಮಾತ್ರ ಕೆಲಸ ಮಾಡುತ್ತಿವೆ. ಕೆಲವು ನೂರು ರೂಪಾಯಿಗಳ ಕೇಬಲ್ ಬದಲಿಸಿದರೆ ಮುಗಿಯುವ ದೋಷಕ್ಕೆ ವರ್ಷಗಟ್ಟಲೆ 300ರ ದರ ತೆತ್ತಂತಾಗಿರುತ್ತದೆ.

ಮೋಡೆಮ್ ಬಳಿ ಎಲ್ಲವೂ ಸರಿಯಿದ್ದರೆ ದೃಷ್ಟಿ ಹೊರಳಬೇಕಾದುದು ಮೆಶ್ ಉಪಕರಣಗಳತ್ತ. ಮೆಶ್ ಎಂದರೆ ಎರಡು ಮೂರು ಪೆಟ್ಟಿಗೆಗಳು ಒಂದರಿಂದೊಂದಕ್ಕೆ ಸಂಕೇತವನ್ನು ದಾಟಿಸುತ್ತ ಮನೆಯನ್ನೆಲ್ಲ ವ್ಯಾಪಿಸುವ ಏರ್ಪಾಡು. ಅಗ್ಗದ ಪೆಟ್ಟಿಗೆಗಳಲ್ಲಿ ಪಡೆಯುವುದಕ್ಕೂ ದಾಟಿಸುವುದಕ್ಕೂ ಒಂದೇ ರೇಡಿಯೊ ಇರುತ್ತದೆ. ಹೀಗಾಗಿ ಪ್ರತಿ ಹಂತದಲ್ಲೂ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಮಧ್ಯವರ್ತಿಗಳು ಹೆಚ್ಚಿದಷ್ಟೂ ಕೈಗೆ ಸಿಗುವುದು ಕಡಿಮೆಯೆಂಬುದನ್ನು ವರ್ತಕರಿಗೆ ಬೇರೆಯಾಗಿ ವಿವರಿಸಬೇಕಿಲ್ಲ. ಆದರೂ ಸಂಕೇತ ಕುಂದಿದಾಗಲೆಲ್ಲ ಇನ್ನೊಂದು ಪೆಟ್ಟಿಗೆ ಕೊಂಡು ತರುವ ವಾಡಿಕೆ ನಿಂತಿಲ್ಲ. ಅದನ್ನು ಇಡುವುದಾದರೂ ಎಲ್ಲಿ? ಸಂಕೇತವೇ ಇಲ್ಲದ ಮೂಲೆಯಲ್ಲಿ, ಕಬ್ಬಿಣದ ಬೀರುವಿನ ಪಕ್ಕದಲ್ಲಿ. ತನಗೇ ಸಂಕೇತ ದೊರೆಯದ ಪೆಟ್ಟಿಗೆ ಇತರರಿಗೆ ಏನನ್ನು ಹಂಚೀತು? ಅದರ ಸ್ಥಾನ ಮೋಡೆಮ್‌ಗೂ ಆ ಮೂಲೆಗೂ ನಡುವಿನದು.

ಇಲ್ಲಿನ ಮನೆಗಳ ಕಟ್ಟಡಶೈಲಿಯೂ ಗಮನಾರ್ಹ. ರಾಜಾಜಿನಗರದ ಹಳೆಯ ಮನೆಗಳ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯಾಗಲಿ, ಕೆಂಗೇರಿ ಕಡೆಯ ಹೊಸ ಮನೆಗಳ ಕಾಂಕ್ರೀಟ್ ಗೋಡೆಯಾಗಲಿ, ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ತಾರಸಿಯಷ್ಟು ತಡೆಯೊಡ್ಡುವುದಿಲ್ಲ. 5 ಗಿಗಾಹರ್ಟ್ಸ್ ತರಂಗಕ್ಕೆ ವೇಗವಿದೆ, ತಾರಸಿ ತೂರುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್ ತೂರಬಲ್ಲದು, ಆದರೆ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಅದರಲ್ಲಿ ಮೂರೇ: 1, 6 ಮತ್ತು 11. ಗೋಡೆಗೆ ಗೋಡೆ ತಾಗಿದ ಬೀದಿಯಲ್ಲಿ ಹತ್ತಾರು ಮನೆಗಳು ಆ ಮೂರನ್ನೇ ಹಂಚಿಕೊಳ್ಳಬೇಕು. ಅಂತಸ್ತುಗಳ ನಡುವೆ ಸಂಕೇತ ದಾಟಿಸಲು ಮೆಟ್ಟಿಲ ಬಳಿಯ ತೆರಪು ಒಂದು ಮಟ್ಟಿಗೆ ನೆರವಾದೀತು. ಖಚಿತ ಪರಿಹಾರವೆಂದರೆ ಮೇಲಿನಿಂದ ಕೆಳಗಿನ ಪೆಟ್ಟಿಗೆಗೆ ಒಂದು ತಂತಿ ಎಳೆಯುವುದು. ಕ್ಯಾಟ್-6 ಕೇಬಲ್ 100 ಮೀಟರ್ ದೂರದವರೆಗೆ 1 ಜಿಬಿಪಿಎಸ್ ವೇಗವನ್ನು ಕುಂದಿಲ್ಲದೆ ಒಯ್ಯಬಲ್ಲದು. ಮೂರು ಅಂತಸ್ತಿನ ಮನೆಗೆ ಅದರ ಕಾಲುಭಾಗ ಸಾಕು. ತಂತಿರಹಿತವೆಂದು ಹಣ ಕೊಟ್ಟು ಕೊಂಡ ಉಪಕರಣಕ್ಕೆ ತಂತಿ ಎಳೆಯುವುದು ಅನೇಕರಿಗೆ ಹಿನ್ನಡೆಯೆನಿಸುತ್ತದೆ. ಆದರೆ ಇದು ಒಮ್ಮೆ ಮಾಡಿ ಮರೆಯುವ ಖರ್ಚು. ಯೋಜನೆಯ ದರ ತಿಂಗಳು ತಿಂಗಳೂ ತೆರುವ ಖರ್ಚು. ಕೇಬಲನ್ನು ವಿದ್ಯುತ್ ತಂತಿಯಿರುವ ಪೈಪಿನಲ್ಲೇ ತೂರಿಸದೆ ಬೇರೆ ಪೈಪಿನಲ್ಲಿ ಒಯ್ಯಬೇಕು.

ಇನ್ನೆರಡು ಸಣ್ಣ ಸಂಗತಿಗಳು. ಮೆಶ್ ಬಂದ ಬಳಿಕ ಕಂಪನಿಯ ಮೋಡೆಮ್‌ನ ವೈ-ಫೈಯನ್ನು ಆರಿಸಬೇಕು. ಇಲ್ಲವಾದರೆ ಎರಡೂ ಒಂದೇ ಮನೆಯಲ್ಲಿ ಪೈಪೋಟಿಗಿಳಿಯುತ್ತವೆ. ವಿದ್ಯುತ್ ಹೋದಾಗ ಮೋಡೆಮ್ ಯುಪಿಎಸ್ ಮೇಲೆ ನಡೆಯುತ್ತಿದ್ದು ಕೆಳಗಿನ ಪೆಟ್ಟಿಗೆ ಮಾತ್ರ ಆರಿಹೋಗುತ್ತಿದ್ದರೆ, ಅದು ಮತ್ತೆ ಎಚ್ಚೆತ್ತು ಸಂಪರ್ಕ ಪಡೆಯುವವರೆಗೆ ಕೆಲಸ ನಿಂತಂತೆಯೇ. ಎರಡಕ್ಕೂ ಯುಪಿಎಸ್ ಬೇಕು.

ಮೋಡೆಮ್ ಬಳಿಯ ತಂತಿಯಲ್ಲೇ ವೇಗ ಕಡಿಮೆಯಿದ್ದರೆ ಮಾತು ಬೇರೆ. ಆಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಅಳತೆಗಳನ್ನು ದಿನಾಂಕಸಹಿತ ಬರೆದಿಟ್ಟು ಕಂಪನಿಯ ದೂರು ಕೇಂದ್ರಕ್ಕೆ ಸಲ್ಲಿಸಿ ದೂರಿನ ಸಂಖ್ಯೆ ಪಡೆಯಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ಟ್ರಾಯ್ 2012ರಲ್ಲಿ ಹೊರಡಿಸಿದ ನಿಯಮಾವಳಿಯಂತೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರದ ಮೊರೆ ಹೋಗಬಹುದು. ಬರೆದಿಟ್ಟ ಅಳತೆಗಳು ಅಲ್ಲಿ ವೋಚರಿನಷ್ಟೇ ಉಪಯೋಗಕ್ಕೆ ಬರುತ್ತವೆ.